ಮನೆಯಲ್ಲಿ ಒಬ್ಬರೇ ಇದ್ದಾಗ ಊಟಕ್ಕೆ ಎಂತ?

ನಮ್ಮ ಸಂಘ-ಸಂಸ್ಥೆಗಳ ಸಭೆಗಳಲ್ಲಿ ಊಟದ ಚರ್ಚೆಗೆ ಎಂದೂ ಬರಗಾಲವಿಲ್ಲ. ವಾರ್ಷಿಕೋತ್ಸವಕ್ಕೆ ಪಾಯಸ ಯಾವುದು, ಕೇಟರಿಂಗ್ ಯಾರಿಗೆ, ಬಾಳೆಲೆಯೋ ಕಾಗದದ ತಟ್ಟೆಯೋ ಎಂದು ಕಾರ್ಯಕಾರಿ ಸಮಿತಿಯಲ್ಲಿ ಒಂದೂವರೆ ಗಂಟೆ ವಾದ ನಡೆದದ್ದನ್ನು ಜೊತೆ ಕೋಶಾಧಿಕಾರಿಯಾಗಿ ನಾನೇ ಕೂತು ಕೇಳಿದ್ದೇನೆ. ಇನ್ನೂರು ಮಂದಿ ಒಟ್ಟಿಗೆ ಉಣ್ಣುವ ಊಟಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವ ನಾವು, ಮನೆಯಲ್ಲಿ ಒಬ್ಬರೇ ಕೂತು ಉಣ್ಣುವ ಊಟದ ಬಗ್ಗೆ ಮಾತೆತ್ತುವುದಿಲ್ಲ. ನಾನೂ ಎತ್ತಿದವನಲ್ಲ. 2023ರ ಏಪ್ರಿಲ್ ತನಕ ನನಗೆ ಅದರ ಅನುಭವವೇ ಇರಲಿಲ್ಲ.

ಆ ತಿಂಗಳು ಊರಿನಲ್ಲಿ ನಮ್ಮ ಅತ್ತೆಯವರು ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾಯಿತು, ಮೂರು ತಿಂಗಳು ಹತ್ತಿರ ಒಬ್ಬರು ಇರಲೇಬೇಕು ಎಂದರು. ಮಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಮನೆಯವಳನ್ನು ಠಾಣೆಯಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ಗೆ ಹತ್ತಿಸಿ ಡೊಂಬಿವಲಿಯ ಮನೆಗೆ ಬಂದು ಬೀಗ ತೆಗೆದಾಗ ಸಂಜೆ ಆರೂವರೆ. ಫ್ರಿಜ್ಜಿನಲ್ಲಿ ಎರಡು ದಿನಕ್ಕಾಗುವಷ್ಟು ಸಾಂಬಾರು, ಪಲ್ಯ, ಒಂದು ಡಬ್ಬಿ ದೋಸೆ ಹಿಟ್ಟು ಇಟ್ಟು ಹೋಗಿದ್ದಳು. ಮೂರನೆಯ ದಿನದಿಂದ ನನ್ನ ಕಥೆ ಶುರು.

ನಾನು ಅಡುಗೆ ಬಾರದವನೇನಲ್ಲ. 1986ರಲ್ಲಿ ಹದಿನೇಳನೆಯ ವಯಸ್ಸಿಗೆ ಮುಂಬಯಿಗೆ ಬಂದು ಕೋಟೆ ಪರಿಸರದ ಹೋಟೆಲೊಂದರಲ್ಲಿ ನಾಲ್ಕು ವರ್ಷ ದುಡಿದವನು. ಬೆಳಿಗ್ಗೆ ಲೋಟ-ಬಶಿ, ಮಧ್ಯಾಹ್ನ ಟೇಬಲ್ಲು, ರಾತ್ರಿ ಶಾಲೆ, ಆಮೇಲೆ ಸಂಜೆ ಕಾಲೇಜಿನಲ್ಲಿ ಬಿಕಾಂ. ಈ ದಾರಿಯಲ್ಲಿ ಬಂದವರು ನಮ್ಮಲ್ಲಿ ಸಾವಿರಾರು ಮಂದಿ ಇದ್ದಾರೆ. ಆದರೆ ಆ ಹೋಟೆಲಿನಲ್ಲಿ ಒಂದು ದಿನವೂ ನಾನು ಒಬ್ಬನೇ ಉಂಡದ್ದಿಲ್ಲ. ಗಿರಾಕಿಗಳ ಗಲಾಟೆ ಮುಗಿದ ಮೇಲೆ ಅಡುಗೆಮನೆಯ ಹಿಂದೆ ಹತ್ತು ಹುಡುಗರು ಸಾಲಾಗಿ ಕೂತು ಉಳಿದ ಅನ್ನ-ಸಾರು ಉಣ್ಣುತ್ತಿದ್ದೆವು. ಆಮೇಲೆ ಖೋಲಿಯಲ್ಲಿ ಆರು ಮಂದಿ. ಮದುವೆಯಾದ ಮೇಲೆ ಮನೆ. ಬ್ಯಾಂಕಿನಲ್ಲಿ ಮಧ್ಯಾಹ್ನ ಐದು ಡಬ್ಬಿಗಳು ಒಂದೇ ಮೇಜಿನ ಮೇಲೆ ತೆರೆದುಕೊಳ್ಳುತ್ತವೆ. ಒಬ್ಬರ ಭಾಜಿ ಇನ್ನೊಬ್ಬರಿಗೆ, ನನ್ನ ನೀರು ದೋಸೆ ಎಲ್ಲರಿಗೆ.

ಈ ಮಹಾನಗರವೇ ಹಾಗೆ. ಮನೆ ಬಿಟ್ಟು ಬಂದವನ ಹೊಟ್ಟೆಗೆ ಅದು ಬೇಕಾದಷ್ಟು ಏರ್ಪಾಡು ಮಾಡಿಟ್ಟಿದೆ. ಡಬ್ಬಾವಾಲರ ವ್ಯವಸ್ಥೆ ಆರಂಭವಾದದ್ದು 1890ರಲ್ಲಿ. ಎ. ರಾಮ ನಾಯಕರು ಮಾಟುಂಗಾ ಸ್ಟೇಷನ್ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು 1942ರಲ್ಲಿ. ಖಾನಾವಳಿಗಳಿಗಂತೂ ಲೆಕ್ಕವಿಲ್ಲ. ಇವೆಲ್ಲ ಹೊರಗೆ ಉಣ್ಣುವವನಿಗೆ. ಸ್ವಂತ ಮನೆಯಿದ್ದು, ಗ್ಯಾಸಿದ್ದು, ಪಾತ್ರೆಯಿದ್ದು, ಎದುರಿಗೆ ಕೂರಲು ಮಾತ್ರ ಯಾರೂ ಇಲ್ಲದವನ ಏರ್ಪಾಡು ಅವನವನದ್ದೇ.

ಮೊದಲ ವಾರ ನಾನು ಮಾಡಿದ್ದು ಎಲ್ಲ ಗಂಡಸರೂ ಮಾಡುವುದನ್ನೇ. ಒಂದು ದಿನ ಸ್ಟೇಷನ್ ಹೊರಗಿನ ವಡಾಪಾವ್ ಕಟ್ಟಿಸಿಕೊಂಡು ಬಂದೆ. ಎರಡು ದಿನ ಮೊಬೈಲಿನಲ್ಲಿ ಆರ್ಡರ್ ಮಾಡಿ ಪುಲಾವ್ ತರಿಸಿದೆ. ಒಂದು ದಿನ ಮ್ಯಾಗಿ. (ಅದು ಭಾರತಕ್ಕೆ ಬಂದದ್ದು 1983ರಲ್ಲಿ, ನನಗಿಂತ ಮೂರು ವರ್ಷ ಮೊದಲೇ ಮುಂಬಯಿ ಸೇರಿದ್ದರೂ ಅಲ್ಲಿಯ ತನಕ ನಾನು ಸ್ವತಃ ಬೇಯಿಸಿದ್ದಿಲ್ಲ.) ಉಳಿದ ದಿನ ಬ್ರೆಡ್ಡು, ಬಾಳೆಹಣ್ಣು, ಹಾಲು. ಟಿವಿ ಮುಂದೆ, ತಟ್ಟೆ ಕೂಡ ಇಲ್ಲದೆ, ಕಟ್ಟಿ ಕೊಟ್ಟ ಕಾಗದದಲ್ಲೇ. ವಾರದ ಕೊನೆಗೆ ಖರ್ಚು ಕೂಡಿಸಿದರೆ ನಾವಿಬ್ಬರೂ ಇದ್ದಾಗ ಹದಿನೈದು ದಿನಕ್ಕಾಗುವ ತರಕಾರಿ-ಮೀನಿನ ದುಡ್ಡು. ಹೊಟ್ಟೆಯೂ ಉಬ್ಬರಿಸಿತ್ತು.

ಒಬ್ಬರಿಗಾಗಿ ಅಡುಗೆ ಮಾಡುವುದು ಯಾಕೆ ಕಷ್ಟ ಎಂದು ಆಗ ತಿಳಿಯಿತು. ನಮ್ಮ ಅಡುಗೆಗಳೆಲ್ಲ ಹುಟ್ಟಿದ್ದೇ ತುಂಬಿದ ಮನೆಗೆ. ಸಾಂಬಾರನ್ನು ಒಂದು ಸೌಟಿನಷ್ಟು ಮಾಡಿ ನೋಡಿ, ಅದಕ್ಕೆ ಸಾಂಬಾರಿನ ರುಚಿಯೇ ಬರುವುದಿಲ್ಲ. ತೆಂಗಿನಕಾಯಿ ಒಡೆದರೆ ಕಾಲು ಭಾಗ ಸಾಕು, ಉಳಿದದ್ದು ಮುಂಬಯಿಯ ಸೆಕೆಗೆ ಹಳಸುತ್ತದೆ. ಮಿಕ್ಸಿಯ ದೊಡ್ಡ ಜಾರಿನಲ್ಲಿ ಮೂರು ಮೆಣಸು, ಒಂದು ಚಮಚ ಕೊತ್ತಂಬರಿ ಹಾಕಿದರೆ ಬ್ಲೇಡಿನ ಸುತ್ತ ಹಾರುತ್ತದೆ ವಿನಾ ಅರೆಯುವುದಿಲ್ಲ. ಇಡ್ಲಿಗೆ ಹಿಟ್ಟು ರುಬ್ಬಿದರೆ ನಾಲ್ಕು ದಿನ ಅದೇ ಇಡ್ಲಿ, ಅದೇ ದೋಸೆ, ಕೊನೆಗೆ ಅದರದ್ದೇ ಪಡ್ಡು.

ಎರಡನೆಯ ವಾರ ನಾನು ಗಂಜಿಗೆ ಬಂದೆ. ಅರ್ಧ ಲೋಟ ಕುಚ್ಚಲಕ್ಕಿ, ಒಂದು ಹಿಡಿ ಹೆಸರುಕಾಳು, ಐದು ಲೋಟ ನೀರು. ಕುಕ್ಕರಿನಲ್ಲಿ ಒಂದು ಸೀಟಿ ಬಂದ ಮೇಲೆ ಉರಿ ಸಣ್ಣ ಮಾಡಿ ಇಪ್ಪತ್ತು-ಇಪ್ಪತ್ತೈದು ನಿಮಿಷ, ಮತ್ತೆ ಒಲೆ ಆರಿಸಿ ತನ್ನಷ್ಟಕ್ಕೆ ಬಿಡುವುದು. ಅಷ್ಟರಲ್ಲಿ ಸ್ನಾನ ಮುಗಿಯುತ್ತದೆ. ಮೇಲಿಂದ ಉಪ್ಪು, ಒಂದು ಚಮಚ ತುಪ್ಪ. ಪಕ್ಕಕ್ಕೆ ಸುಟ್ಟ ಹಪ್ಪಳವೋ ಒಣಸಿಗಡಿ ಚಟ್ನಿಯೋ. ಸಣ್ಣಂದಿನಲ್ಲಿ ಜ್ವರ ಬಂದಾಗ ಅಮ್ಮ ಕೊಡುತ್ತಿದ್ದದ್ದು ಅದು, ಬಡತನದ ಊಟ ಎಂದು ನೆಂಟರ ಮುಂದೆ ಬಡಿಸಲು ನಾಚುತ್ತಿದ್ದದ್ದೂ ಅದೇ. ಒಬ್ಬನೇ ಇದ್ದಾಗ ನಾಚಿಕೆ ಯಾರ ಮುಂದೆ? ಮೂರು ತಿಂಗಳಲ್ಲಿ ವಾರಕ್ಕೆ ನಾಲ್ಕು ರಾತ್ರಿ ಗಂಜಿಯೇ ಉಂಡೆ, ಬೇಸರ ಬರಲಿಲ್ಲ. ಉಪ್ಪಿನಕಾಯಿ ಮಾತ್ರ ಜಾಸ್ತಿಯಾಗುತ್ತಿತ್ತು. ರಕ್ತದೊತ್ತಡದ ಮಾತ್ರೆ ನುಂಗುವ ನಾನು ಅದನ್ನು ಚಮಚದ ತುದಿಗೆ ಇಳಿಸಬೇಕಾಯಿತು. ದಿನಕ್ಕೆ ಒಟ್ಟು ಉಪ್ಪು 5 ಗ್ರಾಮಿನ ಒಳಗಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗಂಜಿ ಪ್ರಿಯರಿಗೆ ಇದು ಕಠಿಣ ಪರೀಕ್ಷೆ.

ಕುತೂಹಲಕ್ಕೆ ಸಿಕ್ಕಸಿಕ್ಕವರಲ್ಲಿ ಕೇಳತೊಡಗಿದೆ. ನಮ್ಮ ಶಾಖೆಯಲ್ಲಿರುವ ವಿಜಯಪುರದ ಸಹೋದ್ಯೋಗಿ ನಕ್ಕುಬಿಟ್ಟರು. ‘ನಮಗೇನ್ ಚಿಂತಿ ಸರ, ಕಟಕ ರೊಟ್ಟಿ ಡಬ್ಬಿ ತುಂಬ ಅದಾವ. ಶೇಂಗಾ ಹಿಂಡಿ, ಮೊಸರು, ಒಂದು ಉಳ್ಳಾಗಡ್ಡಿ ಜಜ್ಜಿದ್ರ ಮುಗೀತು’ ಎಂದರು. ಒಂಟಿ ಊಟಕ್ಕೆ ಉತ್ತರ ಕರ್ನಾಟಕದವರಷ್ಟು ಸಿದ್ಧರಾದವರು ಬೇರೆ ಇಲ್ಲ ಎಂದು ನನ್ನ ಅಭಿಪ್ರಾಯ. ಮೈಸೂರು ಕಡೆಯ ಸ್ನೇಹಿತರೊಬ್ಬರು ಗೊಜ್ಜವಲಕ್ಕಿ ಎಂದರು. ರಾಗಿ ಮುದ್ದೆ ಅವರಿಗೆ ಪ್ರಾಣ, ಆದರೆ ಒಂದು ಮುದ್ದೆಗಾಗಿ ಹಿಟ್ಟು ತೊಳಸುವ ತ್ರಾಣ ಇಲ್ಲವಂತೆ. ಇನ್ನೊಬ್ಬರು, ಮಕ್ಕಳಿಬ್ಬರೂ ವಿದೇಶದಲ್ಲಿರುವ ವಿಧುರರು, 2020ರ ಲಾಕ್‌ಡೌನ್‌ನಲ್ಲಿ ಅಡುಗೆಯವಳು ಬರುವುದು ನಿಂತಾಗ ಚಹಾ-ಖಾರಿ ಬಿಸ್ಕತ್ತಿಗೆ ಇಳಿದವರು ಇಂದಿಗೂ ರಾತ್ರಿ ಅದನ್ನೇ ಮುಂದುವರಿಸಿದ್ದಾರೆ. ‘ಒಬ್ಬನಿಗೆ ಎಂತ ಮಾಡುವುದು ಮಾರಾಯ್ರೆ’ ಎಂದರು. ಸಂಘದ ಊಟಕ್ಕೆ ತಪ್ಪದೆ ಬಂದು ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುವವರು ಅವರು. ನಾವು ಹಿಂದಿನಿಂದ ತಮಾಷೆ ಮಾಡುತ್ತಿದ್ದೆವು. ಆ ದಿನದ ನಂತರ ನಾನು ಮಾಡಲಿಲ್ಲ.

ಇಷ್ಟರಲ್ಲಿ ಜೂನ್ ಎರಡನೆಯ ವಾರ ಊರಿನಿಂದ ಫೋನು ಬಂತು. ಅತ್ತೆಯವರ ರಕ್ತಪರೀಕ್ಷೆಗೆ ಮನೆಗೇ ಬಂದಿದ್ದ ಲ್ಯಾಬಿನ ಹುಡುಗಿಯಿಂದ, ಸದಾ ಸುಸ್ತು ಎನ್ನುತ್ತಿದ್ದ ನನ್ನವಳೂ ಪರೀಕ್ಷೆ ಮಾಡಿಸಿಕೊಂಡಿದ್ದಳು. ಹಿಮೋಗ್ಲೋಬಿನ್ 8.4. ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎಂದು ಲೆಕ್ಕ. ವೈದ್ಯರು ಬೇರೆ ಪರೀಕ್ಷೆಗಳನ್ನೂ ಮಾಡಿಸಿದರು, ಗಾಬರಿಪಡುವಂಥದ್ದು ಏನೂ ಸಿಗಲಿಲ್ಲ. ಕೊನೆಗೆ, ‘ಮಧ್ಯಾಹ್ನ ಏನು ಊಟ ಮಾಡ್ತೀರಿ?’ ಎಂದು ಕೇಳಿದರಂತೆ.

‘ನೀನು ಎಂತ ಹೇಳಿದೆ?’ ಎಂದೆ.

‘ಎಂತ ಹೇಳುವುದು? ಇದ್ದದ್ದು ಅಂತ ಹೇಳಿದೆ’ ಎಂದಳು.

ಆ ‘ಇದ್ದದ್ದು’ ಎಂದರೆ ಏನು ಎಂದು ನನಗೆ ಗೊತ್ತಿರಲಿಲ್ಲ. ಇಪ್ಪತ್ತೇಳು ವರ್ಷದ ಸಂಸಾರ. ಬೆಳಿಗ್ಗೆ ಐದೂವರೆಗೆ ಎದ್ದು ನನ್ನ ಡಬ್ಬಿ, ಮಗನಿದ್ದಾಗ ಅವನ ಡಬ್ಬಿ ಕಟ್ಟಿ ಕಳುಹಿಸಿದ ಮೇಲೆ ಅವಳು ಮಧ್ಯಾಹ್ನ ಏನು ಉಣ್ಣುತ್ತಾಳೆ ಎಂದು ನಾನು ಒಂದು ದಿನವೂ ಕೇಳಿಲ್ಲ. ನನ್ನ ಡಬ್ಬಿಯ ಪಲ್ಯಕ್ಕೆ ಉಪ್ಪು ಕಡಿಮೆಯಾದರೆ ಸಂಜೆ ಬಂದು ಹೇಳಿದ್ದೇನೆ. ಆ ರಾತ್ರಿ ಫೋನಿನಲ್ಲಿ ಬಿಡಿಸಿ ಬಿಡಿಸಿ ಕೇಳಿದೆ. ರಾತ್ರಿಯ ಉಳಿದ ಅನ್ನಕ್ಕೆ ಮಜ್ಜಿಗೆ, ಉಪ್ಪಿನಕಾಯಿ. ಸಾರು ಉಳಿದಿದ್ದರೆ ಸಾರು. ಅನ್ನ ಇಲ್ಲದ ದಿನ ಬೆಳಗ್ಗಿನ ಎರಡು ತಣ್ಣಗಿನ ಚಪಾತಿ, ಅದನ್ನು ಚಹಾದಲ್ಲಿ ಅದ್ದಿ. ಪಲ್ಯ ಡಬ್ಬಿಗೇ ಮುಗಿಯುತ್ತಿತ್ತಂತೆ. ಮೀನು ಮಾಡಿದ ದಿನ? ‘ತುಂಡು ನಿಮಗೆ ಎರಡು, ಮಗನಿಗೆ ಎರಡು. ನನಗೆ ಗಸಿ ಸಾಕು’ ಎಂದಳು. ದೂರಿನ ಸ್ವರ ಇರಲಿಲ್ಲ. ಹವಾಮಾನ ಹೇಳಿದ ಹಾಗೆ ಹೇಳಿದಳು.

ನಾನು ಒಬ್ಬನೇ ಉಂಡದ್ದು ಎರಡು ತಿಂಗಳು. ನೆರೆಕರೆಯವರು, ಸಂಘದವರು, ಬ್ಯಾಂಕಿನವರು ಎಲ್ಲ ಕೇಳಿದ್ದರು, ‘ಮನೆಯಲ್ಲಿ ಇಲ್ವಾ? ಊಟಕ್ಕೆ ಹೇಗೆ ಮಾಡ್ತೀರಿ?’ ಎಂದು. ಎರಡು ಮನೆಯಿಂದ ಸಾರು-ಪಲ್ಯ ಬಂದಿತ್ತು. ಅವಳು ಒಬ್ಬಳೇ ಉಂಡದ್ದು ಇಪ್ಪತ್ತೇಳು ವರ್ಷದ ಮಧ್ಯಾಹ್ನಗಳು.

ಇದು ನಮ್ಮ ಮನೆಯ ಮಾತು ಮಾತ್ರವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಪುರುಷರಲ್ಲಿ ಶೇ. 25. ಇದಕ್ಕೆ ಕಾರಣ ಹಲವು, ಎಲ್ಲವನ್ನೂ ತಟ್ಟೆಯ ಮೇಲೆ ಹಾಕುವಂತಿಲ್ಲ. ಆದರೂ ತಟ್ಟೆಯನ್ನು ಬಿಟ್ಟು ಮಾತಾಡುವಂತೆಯೂ ಇಲ್ಲ.

ಜುಲೈಯಲ್ಲಿ ಸಂಘದ ಮಹಿಳಾ ವಿಭಾಗದ ಸಭೆ ಮುಗಿದ ಮೇಲೆ, ಲೆಕ್ಕಪತ್ರ ಕೊಡಲು ಹೋದವನು ಸಂಕೋಚ ಬಿಟ್ಟು ಅಲ್ಲಿದ್ದವರನ್ನು ಕೇಳಿದೆ, ‘ಅಕ್ಕಂದಿರೇ, ಮಧ್ಯಾಹ್ನ ಒಬ್ಬರೇ ಇದ್ದಾಗ ನೀವು ಎಂತ ಉಣ್ಣುತ್ತೀರಿ?’ ಮೊದಲು ನಗು. ಆಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ‘ಇದ್ದದ್ದು’ ಎಂದವರೇ ಹೆಚ್ಚು. ಆದರೆ ನಾನು ನಿರೀಕ್ಷಿಸದ ಉತ್ತರಗಳೂ ಬಂದವು. ಒಬ್ಬರು, ಗಂಡನ ಮನೆಯಲ್ಲಿ ಯಾರಿಗೂ ಕಹಿ ಆಗದು, ತನಗೋ ಹಾಗಲಕಾಯಿ ಪ್ರಾಣ, ಆದ್ದರಿಂದ ವಾರಕ್ಕೊಮ್ಮೆ ತನಗೆ ಮಾತ್ರ ಒಂದೇ ಒಂದು ಹಾಗಲಕಾಯಿ ಹುರಿದುಕೊಳ್ಳುತ್ತೇನೆ ಎಂದರು. ಇನ್ನೊಬ್ಬರಿಗೆ ಸುಟ್ಟ ಒಣಮೀನು. ವಾಸನೆ ಹೋಗಲು ಕಿಟಕಿ ತೆರೆದು ಫ್ಯಾನು ಹಾಕಿ, ಸಂಜೆ ಸೊಸೆ ಬರುವ ಮೊದಲು ಅಗರಬತ್ತಿ. ಶಿಕ್ಷಕಿಯಾಗಿ ನಿವೃತ್ತರಾದ ಹಿರಿಯರೊಬ್ಬರು ಮಾತ್ರ, ‘ನಾನು ದಿನಾ ಒಂದೆಲಗದ ತಂಬುಳಿಯೋ ಹರಿವೆ ಪಲ್ಯವೋ ಮಾಡಿ, ಸ್ಟೀಲಿನ ತಟ್ಟೆ ತೊಳೆದು, ಮೇಜಿನ ಮೇಲೆ ಬಡಿಸಿಕೊಂಡೇ ಉಣ್ಣುವುದು. ನಾನೂ ಈ ಮನೆಯ ಒಂದು ಜನ ಅಲ್ವಾ?’ ಎಂದರು. ಮೂವತ್ತು ವರ್ಷ ಶಾಲೆಯ ಗಂಟೆಗೆ ಉಂಡು ಅಭ್ಯಾಸವಾದವರು. ಅವರು ಹೇಳಿದ ಕ್ರಮಕ್ಕೆ ಅಲ್ಲಿದ್ದ ನಾಲ್ಕಾರು ಮಂದಿ ತಲೆಯಾಡಿಸಿದರು, ಮಾಡುತ್ತಾರೋ ಇಲ್ಲವೋ ಹೇಳಲಾರೆ. ಒಬ್ಬರಂತೂ ನನ್ನನ್ನೇ ನೋಡಿ, ‘ಕೇಳಿದ್ದು ನೀವೊಬ್ಬರೇ, ಅದೂ ಬೇರೆಯವರ ಮನೆಯ ಗಂಡಸು’ ಎಂದುಬಿಟ್ಟರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಜುಲೈ ಕೊನೆಗೆ ಮನೆಯವಳು ಬಂದಳು. ವೈದ್ಯರು ಕೊಟ್ಟ ಕಬ್ಬಿಣಾಂಶದ ಮಾತ್ರೆ, ಅದರ ಜೊತೆ ಚಹಾ ಕುಡಿಯಬಾರದೆಂಬ ತಾಕೀತು. ಹುರುಳಿ, ಹರಿವೆ, ಮೀನು, ಊಟಕ್ಕೆ ಲಿಂಬೆ ಹಿಂಡಿಕೊಳ್ಳಬೇಕು. ಬೆಳಗ್ಗಿನ ಪಲ್ಯವನ್ನು ಈಗ ನಾನೇ ಮೂರು ಡಬ್ಬಿಗೆ ಹಾಕುತ್ತೇನೆ. ಒಂದು ನನಗೆ, ಒಂದು ಅವಳಿಗೆ ಮಧ್ಯಾಹ್ನಕ್ಕೆ, ಒಂದು ಕೆಳಗಿನ ಮಹಡಿಯಲ್ಲಿರುವ ಆ ಚಹಾ-ಖಾರಿಯ ಹಿರಿಯರಿಗೆ. ಅವರು ಮೊದಲ ವಾರ ಬೇಡ ಬೇಡ ಎಂದರು. ಈಗ ಡಬ್ಬಿ ತೊಳೆದು ಕೊಡುವಾಗ, ನಾಳೆ ಬೆಂಡೆಕಾಯಿ ಬೇಡ ಎನ್ನುವಷ್ಟು ಸಲಿಗೆ ಬಂದಿದೆ.

ಮಧ್ಯಾಹ್ನ ಒಂದೂವರೆಗೆ ಬ್ಯಾಂಕಿನಲ್ಲಿ ನಾವು ಐವರು ಡಬ್ಬಿ ತೆರೆಯುವ ಮೊದಲು ನಾನು ಮನೆಗೆ ಒಂದು ಫೋನು ಹಾಕುತ್ತೇನೆ.

‘ಊಟಕ್ಕೆ ಎಂತ?’

ಮೊದಮೊದಲು, ‘ನಿಮಗೆ ಬ್ಯಾಂಕಿನಲ್ಲಿ ಕೆಲಸ ಇಲ್ವಾ?’ ಎಂದು ಗದರುತ್ತಿದ್ದಳು. ಡಿಸೆಂಬರಿನ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 10.9 ಬಂದಿತ್ತು. ಅದರ ಮರುದಿನ ಫೋನು ಮಾಡಿದಾಗ, ಬಂಗುಡೆ ಹುರಿದದ್ದು, ಎರಡು ತುಂಡು, ಎರಡೂ ತನಗೇ, ನನಗೆ ರಾತ್ರಿಗೆ ಗಸಿ ಮಾತ್ರ ಎಂದು ಹೇಳಿ ಫೋನಿಟ್ಟಳು.