‘ಗೂಡು ಪರವಾಗಿಲ್ಲ’ ಎಂಬ ಮಾತಿಗೂ ಒಂದು ಅಳತೆ

ಶಿಡ್ಲಘಟ್ಟದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೀಲರು ಹಿಡಿ ಗೂಡನ್ನು ಅದುಮಿ, ಅಲುಗಿಸಿ ನೋಡಿ, ‘ಚೆನ್ನಾಗಿದೆ’, ‘ಪರವಾಗಿಲ್ಲ’, ‘ಸ್ವಲ್ಪ ಜಾಳು’ ಎಂದು ಲಾಟಿನ ಯೋಗ್ಯತೆಯನ್ನು ನಿರ್ಣಯಿಸುತ್ತಾರೆ. ಬೆಳೆಗಾರನ ದುಡಿಮೆಯ ಬೆಲೆ ನಿಂತಿರುವುದು ಈ ಮಾತುಗಳ ಮೇಲೆ. ಚಿಂತಾಮಣಿಯ ಟೊಮೆಟೊ ಮಂಡಿಯ ‘ಹದವಾಗಿ ಹಣ್ಣಾದದ್ದು’, ಗೌರಿಬಿದನೂರಿನ ಮೆಕ್ಕೆಜೋಳದ ‘ಚೆನ್ನಾಗಿ ಒಣಗಿದ್ದು’, ಚಿಕ್ಕಬಳ್ಳಾಪುರದ ದ್ರಾಕ್ಷಿಯ ‘ಸಾಕಷ್ಟು ಸಿಹಿ’ ಎಂಬವೂ ಇದೇ ಬಗೆಯವು.

ಇಂತಹ ಮಾತುಗಳನ್ನು ಗಣಿತಕ್ಕೆ ಒಳಪಡಿಸಿದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿಯಲ್ಲಿದ್ದ ಪ್ರಾಧ್ಯಾಪಕ ಲಾಟ್ಫಿ ಜಾದೆ (1921–2017). ಸಾಂಪ್ರದಾಯಿಕ ಗಣಿತದಲ್ಲಿ ವಸ್ತುವೊಂದು ಗಣಕ್ಕೆ ಸೇರುತ್ತದೆ, ಇಲ್ಲವೇ ಸೇರುವುದಿಲ್ಲ. 1965ರಲ್ಲಿ ಅವರು ಮಂಡಿಸಿದ ‘ಫಜಿ ಗಣ’ದಲ್ಲಾದರೋ ಸೊನ್ನೆಯಿಂದ ಒಂದರವರೆಗೆ ಯಾವ ಪ್ರಮಾಣದಲ್ಲಾದರೂ ಸೇರಬಹುದು. ಜಪಾನಿನ ಸೆಂಡೈ ನಗರದ ಸುರಂಗ ರೈಲು 1987ರಿಂದ ಈ ತತ್ತ್ವದ ನೆರವಿನಿಂದ ಓಡಿದೆ.

ಗೂಡಿಗೆ ಇದನ್ನು ಅನ್ವಯಿಸಿ ನೋಡಬಹುದು. ಹುಳುವನ್ನು ತೆಗೆದ ಮೇಲೆ ಉಳಿಯುವ ರೇಷ್ಮೆ ಕವಚದ ತೂಕ ಇಡೀ ಗೂಡಿನ ತೂಕದ ಶೇ. 22 ಇದ್ದರೆ ದ್ವಿತಳಿ ಗೂಡು ಪೂರ್ಣ ‘ಉತ್ತಮ’, ಶೇ. 18ಕ್ಕೆ ಇಳಿದರೆ ಸೊನ್ನೆ ಎಂದು ಖರೀದಿದಾರನೊಬ್ಬ ಇಟ್ಟುಕೊಂಡನೆನ್ನಿ. ಆಗ ಶೇ. 21ರ ಲಾಟಿಗೆ 0.75 ಸಲ್ಲುತ್ತದೆ. ನೂರು ಲಾಟುಗಳಲ್ಲಿ ಎಪ್ಪತ್ತೈದು ಉತ್ತಮವೆಂಬುದು ಇದರ ಅರ್ಥವಲ್ಲ. ಇದು ಸಂಭವದ ಲೆಕ್ಕವೇ ಅಲ್ಲ. ಲಾಟು ಕಣ್ಣೆದುರೇ ಇದೆ, ಅದಕ್ಕೆ ಆ ಪದ ಎಷ್ಟರಮಟ್ಟಿಗೆ ಒಪ್ಪುತ್ತದೆಂಬುದಷ್ಟೇ ಪ್ರಶ್ನೆ.

ಅದೇ ಲಾಟಿನಲ್ಲಿ ಕಲೆಗೂಡು, ಜೋಡಿಗೂಡುಗಳು ತುಸು ಹೆಚ್ಚಿದ್ದು ‘ದೋಷ ಕಡಿಮೆ’ ಎಂಬುದಕ್ಕೆ 0.4 ಮಾತ್ರ ಬಂದಿತೆನ್ನೋಣ. ‘ಉತ್ತಮ ಮತ್ತು ದೋಷ ಕಡಿಮೆ’ ಎಂದರೆ ಎರಡರಲ್ಲಿ ಚಿಕ್ಕದು, ಅಂದರೆ 0.4. ‘ಬಹಳ’ ಎಂಬ ವಿಶೇಷಣಕ್ಕೆ ಜಾದೆಯವರು ವರ್ಗವನ್ನು ಸೂಚಿಸಿದರು: 0.75 ಉತ್ತಮವಾದ ಲಾಟು ‘ಬಹಳ ಉತ್ತಮ’ ಆಗುವುದು ಸುಮಾರು 0.56ರಷ್ಟೇ. ಮಂಡಿಯಲ್ಲಿ ‘ಬಹಳ’ವನ್ನು ಧಾರಾಳವಾಗಿ ಬಳಸುವವರು ಇದನ್ನು ಗಮನಿಸಬೇಕು!

1930ರ ಸರಕು ಮಾರಾಟ ಅಧಿನಿಯಮದ 16ನೆಯ ಕಲಮು ಮಾರಾಟಯೋಗ್ಯ ಗುಣಮಟ್ಟದ ಮಾತನ್ನಾಡುತ್ತದೆ, ಆದರೆ ಅಂಕಿಯನ್ನು ಕೊಡುವುದಿಲ್ಲ. ಆದುದರಿಂದ ಸರಬರಾಜು ಕರಾರಿನಲ್ಲಿ ‘ಉತ್ತಮ ದರ್ಜೆ’ ಎಂದಷ್ಟೇ ಬರೆಯದೆ ಮೇಲಿನ ಮತ್ತು ಕೆಳಗಿನ ಅಂಚುಗಳನ್ನು ನಮೂದಿಸಿ, ನಡುವಣ ಸರಕಿಗೆ ಪ್ರಮಾಣಾನುಸಾರ ದರವನ್ನು ಗೊತ್ತುಪಡಿಸುವುದು ಲೇಸು. ಪೂರ್ತಿ ತಿರಸ್ಕಾರದಿಂದ ಹುಟ್ಟುವ ಜಗಳಗಳಲ್ಲಿ ಅನೇಕವು ಆಗ ದರದ ಕಡಿತದಲ್ಲೇ ಮುಗಿಯುತ್ತವೆ.

ಅಂಚುಗಳನ್ನು ಯಾರು ಗೊತ್ತುಪಡಿಸಬೇಕು ಎಂಬುದಕ್ಕೆ ಮಾತ್ರ ಗಣಿತ ಉತ್ತರಿಸದು. ಸ್ವಯಂಚಾಲಿತ ಯಂತ್ರದವರಿಗೆ ಏಕರೂಪದ ಗೂಡೇ ಬೇಕು. ಚರಕದವರು ಸಾಧಾರಣ ಗೂಡಿನಿಂದಲೂ ನೂಲು ಬಿಚ್ಚುತ್ತಾರೆ. ಒಂದೇ ಲಾಟು ಅವರಿಗೆ 0.4, ಇವರಿಗೆ 0.9 ಆಗಬಹುದು, ಇಬ್ಬರದೂ ಸುಳ್ಳಲ್ಲ.