ನಾಗಾಲ್ಯಾಂಡ್ ನಂಬರಿನ ಬಸ್ಸು, ಲೈಬೀರಿಯಾ ಬಾವುಟದ ಹಡಗು

ರಾತ್ರಿ ಹತ್ತು ಗಂಟೆ ಮೇಲೆ ಕುಣಿಗಲ್ ಬೈಪಾಸ್‌ನಲ್ಲಿ ಮಂಗಳೂರಿನ ಕಡೆ ಹೋಗೋ ಸ್ಲೀಪರ್ ಬಸ್ಸುಗಳ ನಂಬರ್ ಪ್ಲೇಟ್ ನೋಡಿ. ಕೆಎ ಇರೋದರ ಮಧ್ಯೆ ಎನ್ಎಲ್ ಅಂತ ಒಂದಾದರೂ ಸಿಗುತ್ತೆ. ಮಾಲೀಕ ಇಲ್ಲಿಯವನು, ಡ್ರೈವರ್ ಇಲ್ಲಿಯವನು, ನೋಂದಣಿ ಮಾತ್ರ ನಾಗಾಲ್ಯಾಂಡ್‌ದು. ಯಾಕೆ? ತೆರಿಗೆ ಕಡಿಮೆ, ಅಷ್ಟೇ.

ಸಮುದ್ರದಲ್ಲಿ ಇದೇ ವ್ಯವಹಾರ ಇನ್ನೂ ದೊಡ್ಡದಾಗಿ ನಡೆಯುತ್ತೆ. ಹಡಗಿನ ಬಾವುಟ ಅಂದರೆ ಅದರ ಆರ್‌ಟಿಒ. ಲೈಬೀರಿಯಾ, ಪನಾಮಾ, ಮಾರ್ಷಲ್ ದ್ವೀಪಗಳ ಹೆಸರಿನಲ್ಲಿ ಜಗತ್ತಿನ ಬಹಳಷ್ಟು ಹಡಗುಗಳಿವೆ, ಮಾಲೀಕರು ಬೇರೆಲ್ಲೋ ಇರ್ತಾರೆ. ಮಂಗೋಲಿಯಾ ಕೂಡ ಹಡಗು ನೋಂದಣಿ ಮಾಡುತ್ತೆ. ನಮ್ಮ ತುಮಕೂರಿನ ಹಾಗೇ ಆ ದೇಶಕ್ಕೂ ಸಮುದ್ರವಿಲ್ಲ!

ಸರಕು ಹಡಗು ಬರುತ್ತೆ, ಹೋಗುತ್ತೆ. ನಾನು ಹೇಳಬೇಕಾಗಿರೋದು ಕೆಲಸದ ಹಡಗುಗಳ ಬಗ್ಗೆ. ಪೈಪ್‌ಲೈನ್ ಹಾಕೋದು, ಹೂಳೆತ್ತೋದು, ತೈಲ ಬಾವಿಯ ಕಾರ್ಮಿಕರಿಗೆ ವಸತಿ ಕೊಡೋದು, ಇವೆಲ್ಲ ಅವುಗಳ ಕೆಲಸ. ಇವು ತಿಂಗಳುಗಟ್ಟಲೆ ಒಂದೇ ಕಡೆ ಲಂಗರು ಹಾಕಿ ನಿಲ್ಲುತ್ತವೆ, ಅದಕ್ಕೇ ಅಪಾಯ ಜಾಸ್ತಿ. 2017ರ ಜೂನ್‌ನಲ್ಲಿ ಉಳ್ಳಾಲದಲ್ಲಿ ಕಡಲ್ಕೊರೆತ ತಡೆ ಕಾಮಗಾರಿಯ ಬಾರ್ಜ್ ಸಿಕ್ಕಿಹಾಕಿಕೊಂಡು 27 ಜನರನ್ನು ಹೊರತರಬೇಕಾಯ್ತು. 2021ರ ಮೇನಲ್ಲಿ ತೌಕ್ತೆ ಚಂಡಮಾರುತ ಬಂದಾಗ ಮಂಗಳೂರಿನ ಆಚೆ ‘ಕೋರಮಂಡಲ್ ಸಪೋರ್ಟರ್-9’ ಟಗ್‌ನಲ್ಲಿ ಸಿಲುಕಿದ್ದ 9 ಮಂದಿಯನ್ನು ಕೋಸ್ಟ್ ಗಾರ್ಡ್, ನೌಕಾಪಡೆ ಸೇರಿ ಉಳಿಸಿದವು. ‘ಅಲಯನ್ಸ್’ ಅನ್ನೋ ಇನ್ನೊಂದು ಟಗ್ ಮಗುಚಿ ಜೀವಗಳು ಹೋದವು. ಅದೇ ವಾರ ಮುಂಬೈ ಹೈನಲ್ಲಿ ಪಿ-305 ಬಾರ್ಜ್ ಮುಳುಗಿತು. ಅದರಲ್ಲಿ 261 ಜನರಿದ್ದರು, ಬದುಕಿದ್ದು 186 ಮಂದಿ. ಆ ಬಾರ್ಜ್‌ಗೆ ಸ್ವಂತ ಎಂಜಿನ್ ಇರಲಿಲ್ಲ, ಲಂಗರು ಕಿತ್ತ ಮೇಲೆ ಗಾಳಿ ಎಳೆದತ್ತ ಹೋಗೋದೇ.

ಹಾಗಾದರೆ ವಿದೇಶಿ ಬಾವುಟದ ಹಡಗು ನಮ್ಮ ನೀರಿಗೆ ಬಂದರೆ ಹೇಳೋರು ಕೇಳೋರು ಇಲ್ಲವಾ? ಇದ್ದಾರೆ. ಹಡಗಿನೊಳಗಿನ ವ್ಯವಹಾರಕ್ಕೆ ಬಾವುಟದ ದೇಶದ ಕಾನೂನು. ಆದರೆ ಇಲ್ಲಿ ಕೆಲಸ ಮಾಡೋಕೆ ನಮ್ಮ ಡೈರೆಕ್ಟರ್ ಜನರಲ್ ಆಫ್ ಶಿಪ್ಪಿಂಗ್ ಲೈಸೆನ್ಸ್ ಬೇಕು. ಆ ಕೆಲಸಕ್ಕೆ ಭಾರತದ ಹಡಗು ಸಿಗುತ್ತಾ ಅಂತ ಮೊದಲು ನೋಡ್ತಾರೆ. ತೈಲ ಬಾವಿಗಳ ಹತ್ತಿರ ಹೋಗೋದಾದರೆ ನೌಕಾಪಡೆಯ ಭದ್ರತಾ ತಪಾಸಣೆ ಬೇರೆ. 2025ರ ಕರಾವಳಿ ಹಡಗು ಸಾಗಣೆ ಕಾಯ್ದೆಯಲ್ಲಿ ಸರಕಿನ ಜೊತೆ ಅನ್ವೇಷಣೆಯಂಥ ಸೇವೆಗಳನ್ನೂ ಸೇರಿಸಿದ್ದಾರೆ. ಒಳ್ಳೆಯದೇ. ಬಂದರಿನಲ್ಲಿ ಹಡಗು ಹತ್ತಿ ಪರೀಕ್ಷಿಸಿ, ದೋಷವಿದ್ದರೆ ತಡೆಹಿಡಿಯೋ ಅಧಿಕಾರವೂ ಇದೆ. ಆದರೆ ತಿಂಗಳುಗಟ್ಟಲೆ ಬಂದರಿಗೇ ಬಾರದ ಬಾರ್ಜನ್ನು ಯಾರು ಹತ್ತಿ ನೋಡಬೇಕು? ನನಗೆ ಕಾಡೋ ಪ್ರಶ್ನೆ ಅದು.

ಅನಾಹುತ ಆದ ಮೇಲಿನ ದಾರಿ ಸ್ವಲ್ಪ ಗಟ್ಟಿ. 2025ರ ಮೇ 25ರಂದು ಲೈಬೀರಿಯಾ ಬಾವುಟದ ‘ಎಂಎಸ್‌ಸಿ ಎಲ್ಸಾ-3’ ಕೊಚ್ಚಿ ಬಳಿ 640 ಕಂಟೇನರ್ ಸಮೇತ ಮುಳುಗಿತಲ್ಲ, ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಕೇಳಿ ಹೈಕೋರ್ಟ್‌ಗೆ ಹೋಯ್ತು. ವಿಳಿಞಂನಲ್ಲಿದ್ದ ಅದೇ ಗುಂಪಿನ ಇನ್ನೊಂದು ಹಡಗನ್ನು ಕೋರ್ಟ್ ‘ಅರೆಸ್ಟ್’ ಮಾಡಿಸಿತು. ಹೌದು, ಹಡಗನ್ನೇ ಅರೆಸ್ಟ್ ಮಾಡಬಹುದು! 2017ರ ಅಡ್ಮಿರಾಲ್ಟಿ ಕಾಯ್ದೆ ಆ ಅಧಿಕಾರವನ್ನು ನಮ್ಮ ಕರ್ನಾಟಕ ಹೈಕೋರ್ಟ್‌ಗೂ ಕೊಟ್ಟಿದೆ. ಸಂಬಳ ಸಿಗದ ನಾವಿಕನೂ ಆ ಬಾಗಿಲು ತಟ್ಟಬಹುದು.

ಇದನ್ನೆಲ್ಲ ತುಮಕೂರಿನವರಿಗೆ ಯಾಕೆ ಹೇಳ್ತಿದ್ದೀನಿ ಅಂದರೆ, ನಮ್ಮ ಹುಡುಗರು ಈ ಹಡಗುಗಳಿಗೆ ಹೋಗ್ತಿದ್ದಾರೆ. ಗುಬ್ಬಿ ಕಡೆಯ ರೈತರೊಬ್ಬರು ಸ್ಟುಡಿಯೋಗೆ ಫೋನ್ ಮಾಡಿದ್ದರು. “ಮಗ ಡಿಪ್ಲೊಮಾ ಮಾಡವ್ನೆ ಸಾರ್, ಫಾರಿನ್ ಹಡಗಲ್ಲಿ ಕೆಲ್ಸ ಐತಂತೆ, ಏಜೆಂಟು ದುಡ್ಡು ಕೇಳ್ತಾವ್ನೆ. ಮೊದ್ಲ ಕಂತು ಕೊಟ್ಬಿಟ್ಟಿದ್ದೀನಿ” ಅಂದರು. ಅಲ್ಲಿಗೇ ನನಗೆ ಅನುಮಾನ. ನೇಮಕಾತಿಗೆ ನಾವಿಕನ ಹತ್ತಿರ ದುಡ್ಡು ತಗೊಳ್ಳೋದೇ ನಿಯಮಕ್ಕೆ ವಿರುದ್ಧ. ಏಜೆಂಟ್‌ಗೆ ಆರ್‌ಪಿಎಸ್ಎಲ್ ಅನ್ನೋ ಲೈಸೆನ್ಸ್ ಇರಬೇಕು, ಪಟ್ಟಿ ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲೇ ಇದೆ. ಮಾಲೀಕ ನಡುನೀರಿನಲ್ಲಿ ಕೈಬಿಟ್ಟರೆ ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ, ಊರಿಗೆ ಮರಳೋ ಖರ್ಚು ಸಿಗಬೇಕು ಅಂತ ಅಂತರರಾಷ್ಟ್ರೀಯ ಒಪ್ಪಂದ ಹೇಳುತ್ತೆ. ಆ ವಿಮೆಯ ಪ್ರಮಾಣಪತ್ರವನ್ನು ಹಡಗಿನಲ್ಲಿ ಎಲ್ಲರಿಗೂ ಕಾಣೋ ಹಾಗೆ ಹಾಕಿರಬೇಕು.

ಹಡಗಿನ ಐಎಂಒ ನಂಬರ್ ಕೇಳಿ ಅಂತಲೂ ಹೇಳಿದೆ. ಬಾವುಟ ಬದಲಾಗುತ್ತೆ, ಹೆಸರು ಬದಲಾಗುತ್ತೆ, ಈ ಏಳಂಕಿ ಬದಲಾಗಲ್ಲ, ಗಾಡಿಯ ಚಾಸಿ ನಂಬರ್ ಇದ್ದ ಹಾಗೆ. ಎಂಜಿನಿಯರಿಂಗ್ ಓದಿದ ಚಟ, ಒಂದು ಲೆಕ್ಕ ಹೇಳಿಬಿಡ್ತೀನಿ. ಎಲ್ಸಾ-3ರ ನಂಬರ್ 9123221. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿ, 101 ಬರುತ್ತೆ. ಅದರ ಕೊನೆಯ ಅಂಕಿ 1, ನಂಬರಿನ ಕೊನೆಯ ಅಂಕಿಯೂ 1. ಬಾಯಿಗೆ ಬಂದ ಸುಳ್ಳು ನಂಬರ್ ಹೇಳಿದರೆ ಬಹುತೇಕ ಇಲ್ಲೇ ಸಿಕ್ಕಿಬೀಳುತ್ತೆ.

ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು. ಏಜೆಂಟ್ ಕೊಟ್ಟ ನಂಬರಿನಲ್ಲಿ ಇದ್ದದ್ದೇ ಐದು ಅಂಕಿಯಂತೆ. ಎರಡನೇ ಕಂತು ಕೊಡಲಿಲ್ಲ. ಮೊದಲನೆಯದನ್ನು ವಾಪಸ್ ಕೇಳೋಕೆ ಪೊಲೀಸ್ ಸ್ಟೇಷನ್ ಬಾಗಿಲಲ್ಲಿ ನಿಂತಿದ್ದೀನಿ ಸಾರ್ ಅಂದರು.