ಬೈಕಿಗೆ ನಾಲ್ಕು ಮೂಗುದಾರ

ಎರಡು ಚಕ್ರದ ಗಾಡಿ ಓಡುತ್ತಿರುವಷ್ಟು ಹೊತ್ತು ನೆಟ್ಟಗಿರುತ್ತದೆ. ನಿಂತಿತೋ, ಸವಾರನ ಕಾಲು ಬೇಕು, ಇಲ್ಲವೇ ಸ್ಟ್ಯಾಂಡ್ ಬೇಕು. ಅಂಥ ಬೈಕನ್ನು ಇನ್ನೊಂದು ಗಾಡಿಯೊಳಗೆ ನಿಲ್ಲಿಸಿ, ಆ ಗಾಡಿಯನ್ನು ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಓಡಿಸಿದರೆ? ಅಮೆರಿಕದಲ್ಲಿ ರಜೆ ಬಂತೆಂದರೆ ಎಷ್ಟೋ ಕುಟುಂಬಗಳು ಮಾಡುವುದು ಇದನ್ನೇ.

ಆ ಗಾಡಿಗೆ ಅಲ್ಲಿ 'ಟಾಯ್ ಹಾಲರ್' ಎಂದು ಹೆಸರು. ಆಟಿಕೆ ಸಾಗಿಸುವ ಟ್ರೇಲರ್ ಎಂದರ್ಥ. ಆಟಿಕೆಯೆಂದರೆ ಚನ್ನಪಟ್ಟಣದ ಗೊಂಬೆ ಎಂದುಕೊಳ್ಳಬೇಡಿ. ಇವು ದೊಡ್ಡವರ ಆಟಿಕೆಗಳು: ಮೋಟಾರ್ ಸೈಕಲ್, ಮರಳಲ್ಲಿ ಓಡುವ ನಾಲ್ಕು ಚಕ್ರದ ಬಂಡಿ ಇತ್ಯಾದಿ. ಟ್ರೇಲರಿನ ಮುಂಭಾಗದಲ್ಲಿ ಅಡುಗೆಮನೆ, ಹಾಸಿಗೆ, ಬಚ್ಚಲು; ಹಿಂಭಾಗದಲ್ಲಿ ಗ್ಯಾರೇಜು. ಹಿಂಬಾಗಿಲನ್ನು ಕೆಳಕ್ಕೆ ಮಲಗಿಸಿದರೆ ಅದೇ ಬೈಕು ಹತ್ತಿಸುವ ಹಲಗೆಯಾಗುತ್ತದೆ. ದಕ್ಷಿಣ ಡಕೋಟಾದ ಸ್ಟರ್ಜಿಸ್ ಊರಿನಲ್ಲಿ 1938ರಲ್ಲಿ ಶುರುವಾದ ಬೈಕ್ ಜಾತ್ರೆಗೆ, ಕ್ಯಾಲಿಫೋರ್ನಿಯಾದ ಗ್ಲಾಮಿಸ್ ಮರಳುದಿಬ್ಬಗಳಿಗೆ ಜನ ಹೀಗೆ ಮನೆಯನ್ನೂ ಬೈಕನ್ನೂ ಒಟ್ಟಿಗೇ ಎಳೆದುಕೊಂಡು ಹೋಗುತ್ತಾರೆ.

ತೊಂದರೆ ಏನೆಂದರೆ, ದಾರಿಯಲ್ಲಿ ಬೈಕು ಉರುಳಿದರೆ ಮುಂದೆ ಜೀಪು ಓಡಿಸುತ್ತಿರುವವನಿಗೆ ತಿಳಿಯುವುದೇ ಇಲ್ಲ. ಉರುಳಿದ ಬೈಕಿನ ಟ್ಯಾಂಕಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲಕ್ಕಂಟಿ ಹರಡುತ್ತದೆ. ಗೋಡೆಯ ಆಚೆ ಬದಿಯಲ್ಲೇ ಅನಿಲದಿಂದ ಉರಿಯುವ ಫ್ರಿಜ್, ನೀರು ಕಾಯಿಸುವ ಬಾಯ್ಲರ್. ರಾತ್ರಿ ಮಕ್ಕಳು ಮಲಗುವುದೂ ಅದೇ ಗೂಡಿನಲ್ಲಿ. ನಮ್ಮಲ್ಲಿ ವರ್ಗವಾದ ನೌಕರ ತನ್ನ ಬೈಕನ್ನು ರೈಲಿಗೆ ಹಾಕುವಾಗ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಗೋಣಿತಟ್ಟು ಸುತ್ತಿಸಿ ಕಳಿಸಬೇಕಾಗುತ್ತದೆ. ಟಾಯ್ ಹಾಲರಿನವರು ಊರು ತಲುಪಿದೊಡನೆ ಬೈಕೇರಬೇಕಲ್ಲ, ಟ್ಯಾಂಕು ತುಂಬಿಯೇ ಇರುತ್ತದೆ. ಹಾಗಾಗಿ ಕಟ್ಟುವ ವಿದ್ಯೆ ಅಲ್ಲಿ ಬರೀ ಬಣ್ಣ ಕೆತ್ತಿಹೋಗದಂತೆ ಕಾಪಾಡುವ ಮಾತಲ್ಲ.

ಲೆಕ್ಕವನ್ನೇ ನೋಡೋಣ. ಸರಕು ವಾಹನಗಳಿಗೆ ಅಮೆರಿಕದ ಸರ್ಕಾರ ಮಾಡಿರುವ ನಿಯಮದ ಪ್ರಕಾರ, ಬ್ರೇಕ್ ಒತ್ತಿದಾಗ ಸರಕು ತನ್ನ ತೂಕದ ಶೇ 80ರಷ್ಟು ಬಲದಿಂದ ಮುನ್ನುಗ್ಗಿದರೂ, ತಿರುವಿನಲ್ಲಿ ಶೇ 50ರಷ್ಟು ಬಲದಿಂದ ಪಕ್ಕಕ್ಕೆ ವಾಲಿದರೂ ಕಟ್ಟು ತಡೆದುಕೊಳ್ಳಬೇಕು. ಸ್ವಂತ ಟ್ರೇಲರಿನವರನ್ನು ಈ ನಿಯಮ ಹಿಡಿದು ಕೇಳದಿರಬಹುದು, ಆದರೆ ಭೌತಶಾಸ್ತ್ರಕ್ಕೆ ಸ್ವಂತ, ಬಾಡಿಗೆ ಎಂಬ ಭೇದವಿಲ್ಲ. 350 ಕಿಲೋ ತೂಗುವ ದೊಡ್ಡ ಬೈಕು ಎನ್ನಿ. ಬ್ರೇಕ್ ಬಿದ್ದಾಗ ಅದು 280 ಕಿಲೋ ಭಾರದಷ್ಟು ಬಲದಿಂದ ಮುಂದಕ್ಕೆ ನೂಕುತ್ತದೆ.

ಈ ನೂಕನ್ನು ತಡೆಯುವವರು ಯಾರು? ಬಹಳ ಮಂದಿ ಹ್ಯಾಂಡಲ್ಲಿನಿಂದ ಮುಂದಕ್ಕೆ ಎರಡು ಪಟ್ಟಿ ಎಳೆದು ಕಟ್ಟಿ ಕೈ ಕೊಡವಿಬಿಡುತ್ತಾರೆ. ಮುಂದಕ್ಕೆ ಎಳೆಯುವ ಪಟ್ಟಿ ಮುಂದಕ್ಕೆ ಹೋಗುವುದನ್ನು ಹೇಗೆ ತಡೆದೀತು? ಬ್ರೇಕ್ ಬಿದ್ದೊಡನೆ ಬೈಕಿನ ಮೂತಿ ಕುಸಿಯುತ್ತದೆ, ಮುಂದಿನ ಪಟ್ಟಿಗಳು ಕ್ಷಣಕಾಲ ಸಡಿಲವಾಗುತ್ತವೆ, ಬಾಯಿ ತೆರೆದ ಕೊಂಡಿ ಉಂಗುರದಿಂದ ಜಾರಿ ಬೀಳುತ್ತದೆ. ಪಟ್ಟಿ ಹರಿಯದೆಯೇ ಬೈಕು ಬಿದ್ದ ಪ್ರಸಂಗಗಳ ಒಳಗುಟ್ಟು ಇದು. ಬಾಯಿ ಮುಚ್ಚುವ ನಾಲಿಗೆಯಿರುವ ಕೊಂಡಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೆ ನಷ್ಟವಿಲ್ಲ.

ಆದ್ದರಿಂದ ಪಟ್ಟಿ ನಾಲ್ಕು ಬೇಕು. ಎರಡು ಮುಂದಕ್ಕೂ ಹೊರಕ್ಕೂ, ಎರಡು ಹಿಂದಕ್ಕೂ ಹೊರಕ್ಕೂ. ನೆಲದ ಕಡೆಗೆ ಸುಮಾರು 45 ಡಿಗ್ರಿ ಓರೆಯಲ್ಲಿ. ಆದರೆ ಓರೆಗೂ ಒಂದು ಬೆಲೆಯಿದೆ. ಕೆಳಕ್ಕೆ 45, ಪಕ್ಕಕ್ಕೆ 45 ಡಿಗ್ರಿ ವಾಲಿದ ಪಟ್ಟಿಯಲ್ಲಿ ಎಳೆತದ ಅರ್ಧ ಮಾತ್ರ ಹಿಂದಕ್ಕೆ ಎಳೆಯಲು ಸಿಗುತ್ತದೆ. 280 ಕಿಲೋ ತಡೆಯಲು ಹಿಂದಿನ ಎರಡು ಪಟ್ಟಿಗಳಲ್ಲಿ ಒಂದೊಂದರ ಮೇಲೂ 280 ಕಿಲೋ ಎಳೆತ ಬೀಳುತ್ತದೆ! ಅಂಗಡಿಯ ಅಗ್ಗದ ಪಟ್ಟಿಯ ಮೇಲೆ '1200 ಪೌಂಡ್' ಎಂದು ದಪ್ಪಕ್ಷರದಲ್ಲಿರುತ್ತದೆ. ಅದು ಹರಿಯುವ ಮಟ್ಟ. ನೆಚ್ಚಬಹುದಾದ ಮಟ್ಟ ಅದರ ಮೂರನೇ ಒಂದು ಪಾಲು, ಅಂದರೆ 180 ಕಿಲೋ. ಮುಂದಿನ ಚಕ್ರವನ್ನು ಕಚ್ಚಿ ಹಿಡಿಯುವ ಕಬ್ಬಿಣದ ಚೌಕಟ್ಟು, ಅದನ್ನು ವೀಲ್ ಚಾಕ್ ಎನ್ನುತ್ತಾರೆ, ಬೇಕಾಗುವುದು ಇದಕ್ಕೇ. ಮುನ್ನುಗ್ಗುವ ಬಲದ ದೊಡ್ಡ ಪಾಲನ್ನು ಅದು ಹೊರುತ್ತದೆ.

ಪಟ್ಟಿ ಎಷ್ಟೇ ಗಟ್ಟಿಯಿರಲಿ, ಅದರ ಇನ್ನೊಂದು ತುದಿ ಇರುವುದು ನೆಲದಲ್ಲಿ. ನೆಲದ ಮೇಲೆ ಕೂರಿಸುವ ಇಂಗ್ಲಿಷ್ 'ಡಿ' ಆಕಾರದ ಉಂಗುರವೇನೋ ಸಾವಿರಾರು ಪೌಂಡ್ ತಡೆಯುತ್ತದೆ. ಆದರೆ ಅದನ್ನು ಬರೀ ಪ್ಲೈವುಡ್ಡಿಗೆ ತಿರುಪು ಹಾಕಿ ಕೂರಿಸಿದ್ದರೆ? ಗಟ್ಟಿ ಎತ್ತನ್ನು ಮಳೆಗೆ ನೆನೆದ ನೆಲದ ಗೂಟಕ್ಕೆ ಕಟ್ಟಿದ ಹಾಗೆ. ಉಂಗುರದ ಬೋಲ್ಟು ಕೆಳಗಿನ ಉಕ್ಕಿನ ಅಡ್ಡಪಟ್ಟಿಯನ್ನು ಹಿಡಿದಿರಬೇಕು, ಆಗದಿದ್ದರೆ ಹಲಗೆಯ ಅಡಿಯಲ್ಲಿ ಅಗಲವಾದ ಉಕ್ಕಿನ ಬಿಲ್ಲೆ ಕೊಟ್ಟು ನಟ್ಟು ಬಿಗಿಯಬೇಕು. ಡ್ರಿಲ್ ಹಿಡಿಯುವ ಮುನ್ನ ಗಾಡಿಯಡಿ ನುಸುಳಿ ನೋಡುವುದು ಒಳ್ಳೆಯದು. ಅಲ್ಲಿ ಕುಡಿಯುವ ನೀರಿನ ತೊಟ್ಟಿ, ಬಚ್ಚಲ ತೊಟ್ಟಿ, ವಿದ್ಯುತ್ ತಂತಿ, ಕೆಲವು ಗಾಡಿಗಳಲ್ಲಿ ಪೆಟ್ರೋಲ್ ಟ್ಯಾಂಕು ಕೂಡ ಇರುತ್ತವೆ. ಇಂದು ದೊಡ್ಡ ಬೈಕು, ನಾಳೆ ಮಗನ ಚಿಕ್ಕ ಬೈಕು ಎನ್ನುವವರಿಗೆ ಉದ್ದಕ್ಕೂ ಕಿಂಡಿಗಳಿರುವ ಹಳಿ ಅನುಕೂಲ. ಕೊಂಡಿಯನ್ನು ಬೇಕಾದ ಕಿಂಡಿಗೆ ಸರಿಸಿಕೊಳ್ಳಬಹುದು. ವಿಮಾನದ ನೆಲದಲ್ಲಿ ಆಸನಗಳನ್ನು ಕೂರಿಸುವುದು ಇಂಥದೇ ಹಳಿಯಲ್ಲಿ.

ಇನ್ನು ಬಿಗಿಯುವ ಕೆಲಸ. ಸೈಡ್ ಸ್ಟ್ಯಾಂಡ್ ಮಡಚಿರಬೇಕು, ಬೈಕು ನೆಟ್ಟಗಿರಬೇಕು. ಮುಂದಿನ ಪಟ್ಟಿಗಳನ್ನು ಹ್ಯಾಂಡಲ್ಲಿನ ತುದಿಗಲ್ಲ, ಅದರ ಬುಡದಲ್ಲಿ ಫೋರ್ಕ್ ಹಿಡಿದಿರುವ ದಪ್ಪ ಲೋಹಕ್ಕೆ ಮೆತ್ತನೆಯ ಬಟ್ಟೆಯ ಕುಣಿಕೆ ಹಾಕಿ ಎಳೆಯಬೇಕು. ಫೋರ್ಕಿನ ಸ್ಪ್ರಿಂಗು ಸುಮಾರು ಅರ್ಧದವರೆಗೆ ಕುಗ್ಗಿದರೆ ಸಾಕು. ಗುಂಡಿಗೆ ಬಿದ್ದಾಗ ಪಟ್ಟಿ ಸಡಿಲವಾಗದಂತೆ ಆ ಸ್ಪ್ರಿಂಗೇ ನೋಡಿಕೊಳ್ಳುತ್ತದೆ. ಹಲ್ಲುಚಕ್ರದ ರ‍್ಯಾಚೆಟ್ ಕೈಗೆ ಸಿಕ್ಕಿತೆಂದು ಕಟಕಟ ಬಿಗಿಯುತ್ತಲೇ ಹೋದರೆ ಫೋರ್ಕ್ ತಳ ಮುಟ್ಟಿ, ಎಣ್ಣೆ ತಡೆಯುವ ಸೀಲಿಗೆ ಪೆಟ್ಟು. ಚಿಕ್ಕ ಬೈಕಿಗೆ ಕೈಯಲ್ಲೇ ಎಳೆದು ಬಿಗಿಯುವ ಸಾದಾ ಬಕಲ್ಲೇ ಸಾಕೆಂದು ನನಗನ್ನಿಸುತ್ತದೆ.

ಬೈಕುಗಳನ್ನೆಲ್ಲ ಟ್ರೇಲರಿನ ತೀರಾ ಹಿಂದಕ್ಕೆ ನಿಲ್ಲಿಸುವುದೂ ಕೂಡದು. ಟ್ರೇಲರಿನ ಒಟ್ಟು ತೂಕದ ಶೇ 10ರಿಂದ 15ರಷ್ಟು ಎಳೆಯುವ ವಾಹನದ ಕೊಂಡಿಯ ಮೇಲೆ ಕೂತಿರಬೇಕು. ಹಿಂದೆ ಭಾರ ಹೆಚ್ಚಾದರೆ ಮೂತಿ ಹಗುರವಾಗಿ ಟ್ರೇಲರು ಹಾವಿನ ಬಾಲದಂತೆ ಅತ್ತಿತ್ತ ಬಡಿಯತೊಡಗುತ್ತದೆ.

ಹುಲ್ಲಿನ ಗಾಡಿಗೆ ಹಗ್ಗ ಬಿಗಿದ ನಮ್ಮ ರೈತ ಸ್ವಲ್ಪ ದೂರ ಹೋಗಿ ನಿಲ್ಲಿಸಿ, ಇನ್ನೊಮ್ಮೆ ಜಗ್ಗಿ ನೋಡುತ್ತಾನೆ. ಹುಲ್ಲು ಕೂತಿರುತ್ತದೆಂದು ಅವನಿಗೆ ಗೊತ್ತು. ಅಮೆರಿಕದ ಲಾರಿ ಚಾಲಕರಿಗೆ ಇದನ್ನೇ ಕಾನೂನು ಹೇಳುತ್ತದೆ: ಹೊರಟ 50 ಮೈಲಿಯೊಳಗೆ ಒಮ್ಮೆ ಕಟ್ಟು ನೋಡಬೇಕು, ಆಮೇಲೆ 150 ಮೈಲಿಗೋ ಮೂರು ಗಂಟೆಗೋ ಒಮ್ಮೆ. ಬೈಕಿನವರಿಗೂ ಇದು ಒಪ್ಪುವ ಲೆಕ್ಕ. ಬಿಸಿಲಿಗೆ ಬಣ್ಣ ಕಳೆದುಕೊಂಡ, ಅಂಚಿನ ನೂಲು ಎದ್ದ ಪಟ್ಟಿಯನ್ನು ಅಲ್ಲೇ ಎಸೆಯುವುದು ಲೇಸು.

ಬಿಚ್ಚುವಾಗ ಅವಸರ ಬೇಡ. ಕುಗ್ಗಿದ ಸ್ಪ್ರಿಂಗು ಕಾದು ಕುಳಿತಿರುತ್ತದೆ, ಮುಂದಿನ ಒಂದು ಪಟ್ಟಿಯನ್ನು ತಟ್ಟನೆ ಬಿಟ್ಟರೆ ಬೈಕು ಎದ್ದು ಇನ್ನೊಂದು ಬದಿಗೆ ಒರಗುತ್ತದೆ. ಮೊದಲು ಹಿಂದಿನ ಎರಡನ್ನೂ ಬಿಚ್ಚಿ, ಸ್ಟ್ಯಾಂಡ್ ಇಳಿಸಿ, ಒಬ್ಬರು ಬೈಕು ಹಿಡಿದಿರಲು ಇನ್ನೊಬ್ಬರು ಮುಂದಿನವನ್ನು ಎಡಬಲ ಸರದಿಯಂತೆ ಸ್ವಲ್ಪಸ್ವಲ್ಪವೇ ಸಡಿಲಿಸಬೇಕು. ಸ್ಟ್ಯಾಂಡ್ ಇರುವ ಬದಿಯ ಪಟ್ಟಿಯನ್ನು ಕೊನೆಗೆ ಬಿಚ್ಚುವುದು ವಾಡಿಕೆ.